ಆರ್‌ಎಕ್ಸ್ 100: ಕಾಲು ಥ್ರಾಟಲ್‌ನಲ್ಲಿ ಮಿಸ್ ಹೊಡೆಯುತ್ತದೆ, ಮೇನ್ ಜೆಟ್ ದೊಡ್ಡದು ಹಾಕಲೇ?

ಆರ್‌ಎಕ್ಸ್ ಉಣಕಲ್, ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ಗಾಡಿ 1994ರ ಯಮಹಾ ಟೂ ಸ್ಟ್ರೋಕ್ ಬೈಕ್, ಆರ್‌ಎಕ್ಸ್ 100. ಸೈಲೆನ್ಸರ್, ಏರ್ ಫಿಲ್ಟರ್ ಡಬ್ಬಿ ಎಲ್ಲ ಕಂಪನಿಯದೇ. ಕಾರ್ಬೋರೇಟರ್ ಕೂಡ ಗಾಡಿ ಜೊತೆ ಬಂದದ್ದೇ, ಮಿಕುನಿಯ ವಿಎಂ20. ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಿ ಆಗಿದೆ. ಇಂಜಿನ್ ಕಡೆಯಿಂದ ಸದ್ದು ಗಿದ್ದು ಏನೂ ಇಲ್ಲ.

ತೊಂದರೆ ಹೀಗಿದೆ. ಸ್ಟಾರ್ಟ್ ಚೆನ್ನಾಗಿ ಆಗುತ್ತದೆ. ಆದರೆ ನವನಗರದ ಕಡೆ 40ರ ಸ್ಪೀಡಿನಲ್ಲಿ ಸುಮ್ನೆ ಹೋಗುವಾಗ ಗಾಡಿ ಎಳೆದು ಬಿಟ್ಟು, ಎಳೆದು ಬಿಟ್ಟು ಮಾಡುತ್ತದೆ. ಪೂರ್ತಿ ತಿರುವಿದರೆ ಮಾತ್ರ ಸರಿಯಾಗಿ ಹೋಗುತ್ತದೆ. ಇನ್ನೊಂದು, ಸಿಗ್ನಲ್ ಹತ್ತಿರ ಥ್ರಾಟಲ್ ಬಿಟ್ಟ ಮೇಲೂ ಇಂಜಿನ್ ಇಳಿಯುವುದಿಲ್ಲ. ಮೇಲೆಯೇ ನಿಂತು ಆಮೇಲೆ ನಿಧಾನಕ್ಕೆ ಇಳಿಯುತ್ತದೆ. ಚೋಕ್ ಸ್ವಲ್ಪ ಕೊಟ್ಟರೆ ಎರಡೂ ಕಡಿಮೆ ಆಗುತ್ತವೆ. ಪ್ಲಗ್ ಬಿಳಿ ಬಿಳಿ ಕಾಣುತ್ತದೆ.

ಒಬ್ಬ ಮಿಸ್ತ್ರಿ "ಮೇನ್ ಜೆಟ್ (ಪೆಟ್ರೋಲ್ ಅಳೆದು ಬಿಡುವ ತೂತಿನ ಸ್ಕ್ರೂ) ಎರಡು ನಂಬರ್ ದೊಡ್ಡದು ಹಾಕು" ಅಂದರು. ಇನ್ನೊಬ್ಬರು "ಈಗಿನ ಪೆಟ್ರೋಲ್ ಹಾಗೇ, ಏನೂ ಮಾಡೋಕಾಗಲ್ಲ" ಅಂದರು. ಯಾರ ಮಾತು ಹಿಡಿಯಲಿ?

ಗ್ಯಾರೇಜ್ ಕಾಕಾ, ಹಳೇ ಹುಬ್ಬಳ್ಳಿ

ತಮ್ಮಾ, ಮೇನ್ ಜೆಟ್ ಮುಟ್ಟಬೇಡ. ಪೂರ್ತಿ ತಿರುವಿದಾಗ ಗಾಡಿ ಚೆನ್ನಾಗಿ ಎಳೆಯುತ್ತದೆ ಅಂತ ನೀನೇ ಬರೆದಿದ್ದೀಯ. ಮೇನ್ ಜೆಟ್ ಕೆಲಸ ಇರೋದು ಅಲ್ಲೇ, ಮುಕ್ಕಾಲು ತಿರುವಿದ ಮೇಲೆ. ಸರಿ ಇರುವ ಜಾಗಕ್ಕೆ ಔಷಧಿ ಹಾಕಿದರೆ ಕೆಟ್ಟ ಜಾಗ ಸರಿ ಹೋಗುತ್ತದಾ?

ಮೊದಲು ಒಂದು ಕೆಲಸ ಮಾಡು. ಗ್ರಿಪ್ಪಿನ ಪಕ್ಕ, ಕದಲದ ಭಾಗದ ಮೇಲೆ ಬಿಳಿ ಟೇಪ್ ಅಂಟಿಸು. ಗ್ರಿಪ್ ಮೇಲೆ ಒಂದು ಗೆರೆ ಎಳಿ. ಪೂರ್ತಿ ಮುಚ್ಚಿದಾಗ, ಕಾಲು, ಅರ್ಧ, ಮುಕ್ಕಾಲು, ಪೂರ್ತಿ ತೆರೆದಾಗ ಗೆರೆ ಎಲ್ಲಿ ಬರುತ್ತದೆ ಅಂತ ಟೇಪ್ ಮೇಲೆ ಗುರುತು ಹಾಕು. ಕೇಬಲ್‌ನಲ್ಲಿ ಸಡಿಲ ಇದ್ದರೆ ಮೊದಲು ಅದನ್ನು ತೆಗೆ. ಆಮೇಲೆ ಓಡಿಸಿ, ತೊಂದರೆ ಯಾವ ಗುರುತಿನಿಂದ ಯಾವ ಗುರುತಿನವರೆಗೆ ಅಂತ ನೋಡಿ ಹೇಳು. ಸ್ಪೀಡ್ ನನಗೆ ಬೇಡ, ಗೇರೂ ಬೇಡ. ಕಾರ್ಬೋರೇಟರಿಗೆ ಸ್ಪೀಡ್ ಗೊತ್ತಿಲ್ಲ, ಸ್ಲೈಡ್ (ಕೇಬಲ್ ಎಳೆದಾಗ ಮೇಲೇಳುವ, ಗಾಳಿದಾರಿಯ ಬಾಗಿಲು) ಎಷ್ಟು ಮೇಲೆ ಎದ್ದಿದೆ ಅನ್ನೋದೇ ಮುಖ್ಯ.

ಮುಚ್ಚಿದಲ್ಲಿಂದ ಹೆಚ್ಚು ಕಮ್ಮಿ ಎಂಟನೇ ಒಂದು ಭಾಗದವರೆಗೆ ಸ್ಲೋ ಜೆಟ್ (ಐಡಲ್ ನಡೆಸುವ ಸಣ್ಣ ಜೆಟ್) ಮತ್ತು ಅದಕ್ಕೆ ಗಾಳಿ ಬಿಡುವ ಏರ್ ಸ್ಕ್ರೂ. ಅಲ್ಲಿಂದ ಕಾಲಿನವರೆಗೆ ಸ್ಲೈಡಿನ ಕೆಳಗೆ ಓರೆಯಾಗಿ ಕತ್ತರಿಸಿದ ಭಾಗ. ಕಾಲಿನಿಂದ ಮುಕ್ಕಾಲು ನೀಡಲ್, ಅಂದರೆ ಸ್ಲೈಡಿಗೆ ಸಿಕ್ಕಿಸಿದ ಸೂಜಿ. ಆಮೇಲೆ ಮೇನ್ ಜೆಟ್. ಗಡಿ ಅಷ್ಟು ಖಡಕ್ ಆಗಿ ಇರುವುದಿಲ್ಲ, ಒಂದರ ಕೆಲಸದಲ್ಲಿ ಇನ್ನೊಂದು ಸ್ವಲ್ಪ ಸೇರಿಕೊಳ್ಳುತ್ತದೆ.

ಮಾಸ್ತರ, ಧಾರವಾಡ

ಕಾಕಾ ಹೇಳಿದ್ದು ಸರಿ ಇದೆ. ಯಾಕೆ ಹಾಗೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಹೊಸಬರಿಗೆ ಉಪಯೋಗ ಆಗಬಹುದು.

ಕಾರ್ಬೋರೇಟರ್ ಪೆಟ್ರೋಲನ್ನು ಪಂಪ್ ಮಾಡುವುದಿಲ್ಲ. ಒಳಗಿನ ಗಾಳಿದಾರಿ ನಡುವೆ ಕಿರಿದಾಗಿದೆ. ಕಿರಿದಾದಲ್ಲಿ ಗಾಳಿ ಜೋರಾಗಿ ಓಡುತ್ತದೆ, ಜೋರಾಗಿ ಓಡಿದಲ್ಲಿ ಒತ್ತಡ ಕಡಿಮೆ. ಕೆಳಗಿನ ಬೌಲ್‌ನಲ್ಲಿರುವ ಪೆಟ್ರೋಲ್ ಮೇಲೆ ಮಾತ್ರ ಹೊರಗಿನ ಗಾಳಿಯ ಪೂರ್ತಿ ಒತ್ತಡ ಇರುತ್ತದೆ. ಈ ವ್ಯತ್ಯಾಸವೇ ಪೆಟ್ರೋಲನ್ನು ಮೇಲಕ್ಕೆ ತಳ್ಳುತ್ತದೆ. ಜೆಟ್ ಅಂದರೆ ಆ ದಾರಿಯಲ್ಲಿ ಇಟ್ಟ ಅಳತೆಯ ತೂತು, ಅಷ್ಟೇ. ಹಿತ್ತಾಳೆಯ ಸಣ್ಣ ಸ್ಕ್ರೂ, ನಡುವೆ ತೂತು.

ಈಗ ಮೇನ್ ಜೆಟ್ ಯಾಕೆ ಕಾಲು ಥ್ರಾಟಲ್‌ನಲ್ಲಿ ಲೆಕ್ಕಕ್ಕೆ ಬರುವುದಿಲ್ಲ ಅಂತ ನೋಡಿ. ಮೇನ್ ಜೆಟ್ ದಾಟಿದ ಪೆಟ್ರೋಲ್ ಮೇಲಕ್ಕೆ ಬರುವಾಗ ಇನ್ನೊಂದು ತೂತಿನಿಂದ ಹೋಗಬೇಕು. ಅದು ನೀಡಲ್ ಜೆಟ್. ಆ ತೂತಿನೊಳಗೆ ನೀಡಲ್ ಇಳಿದಿರುತ್ತದೆ. ಸ್ಲೈಡ್ ಕೆಳಗಿದ್ದಾಗ ನೀಡಲ್‌ನ ದಪ್ಪ ಭಾಗ ತೂತಿನಲ್ಲಿದೆ, ಸುತ್ತಲೂ ಉಳಿದ ಸಂದಿ ಬಹಳ ಸಣ್ಣದು. ಮೇನ್ ಜೆಟ್ ಎಷ್ಟೇ ದೊಡ್ಡದಿರಲಿ, ಮೇಲಿನ ಸಂದಿಯಲ್ಲಿ ಹಿಡಿಸುವಷ್ಟೇ ಪೆಟ್ರೋಲ್ ಬರುತ್ತದೆ. ಸ್ಲೈಡ್ ಮೇಲೆ ಹೋದ ಹಾಗೆ ನೀಡಲ್‌ನ ಚೂಪು ಭಾಗ ಬರುತ್ತದೆ, ಸಂದಿ ದೊಡ್ಡದಾಗುತ್ತದೆ. ಕೊನೆಗೆ ಸಂದಿ ಮೇನ್ ಜೆಟ್‌ಗಿಂತ ದೊಡ್ಡದಾದಾಗ ಮಾತ್ರ ಮೇನ್ ಜೆಟ್ ಹಿಡಿತಕ್ಕೆ ಬರುತ್ತದೆ.

ಇದರಲ್ಲೇ ಹಳೇ ಗಾಡಿಗಳ ಒಂದು ದೊಡ್ಡ ಕಾಯಿಲೆ ಇದೆ. ನೀಡಲ್ ಅಲುಗಾಡಿ ಅಲುಗಾಡಿ ನೀಡಲ್ ಜೆಟ್ ಸವೆಯುತ್ತದೆ. ಉದಾಹರಣೆಗೆ ತೂತು 2.65 ಮಿಮೀ, ನೀಡಲ್ 2.52 ಮಿಮೀ ಅಂತಿಟ್ಟುಕೊಳ್ಳಿ. ತೂತು ಬರೀ 0.02 ಮಿಮೀ ಸವೆದರೆ ನಡುವಿನ ಸಂದಿ ನೂರಕ್ಕೆ ಸುಮಾರು 16ರಷ್ಟು ಹೆಚ್ಚಾಗುತ್ತದೆ. ಕಣ್ಣಿಗೆ ಏನೂ ಕಾಣುವುದಿಲ್ಲ. ಏವರೇಜ್ ಬಿದ್ದಿರುತ್ತದೆ, ಪ್ಲಗ್ ಕಪ್ಪಾಗಿರುತ್ತದೆ. ಜನ ಮೇನ್ ಜೆಟ್ ಸಣ್ಣದು ಹಾಕುತ್ತಾರೆ, ಪೂರ್ತಿ ಥ್ರಾಟಲ್‌ನಲ್ಲಿ ಪೆಟ್ರೋಲ್ ಸಾಲದೆ ಪಿಸ್ಟನ್ ಜಾಮ್ ಆಗುತ್ತದೆ. ಮೂಲ ಕಾರಣ ಅಲ್ಲೇ ಕೂತಿರುತ್ತದೆ.

ನಿಮ್ಮ ಗಾಡಿಯದು ಇದಕ್ಕೆ ಉಲ್ಟಾ. ಚೋಕ್ ಕೊಟ್ಟರೆ ಸುಧಾರಿಸುತ್ತದೆ, ಪ್ಲಗ್ ಬಿಳಿ. ಅಂದರೆ ಕೆಳಗಿನ ಭಾಗದಲ್ಲಿ ಪೆಟ್ರೋಲ್ ಕಡಿಮೆ ಅಥವಾ ಗಾಳಿ ಜಾಸ್ತಿ.

ಹಳೇ ಚಾಳಿ, ಕೇಶ್ವಾಪುರ

ಇಷ್ಟೆಲ್ಲ ಲೆಕ್ಕ ಯಾಕೆ ಸರ್? ಸ್ಲೋ ಜೆಟ್ ಬ್ಲಾಕ್ ಆಗಿದೆ. ಕ್ಲಚ್ ವಾಯರಿನ ಒಂದು ಎಳೆ ಬಿಡಿಸಿ ತೂತಿನಲ್ಲಿ ಹಾಕಿ ಎಳೆದರೆ ಆಯಿತು. ನಾವು ಯಾವಾಗಲೂ ಹಾಗೇ ಮಾಡಿದ್ದು. ಗಾಡಿ ಇನ್ನೂ ಓಡುತ್ತಿದೆ.

ಗ್ಯಾರೇಜ್ ಕಾಕಾ, ಹಳೇ ಹುಬ್ಬಳ್ಳಿ

ಓಡುತ್ತದೆ. ಏವರೇಜ್ ಎಷ್ಟು ಕೊಡುತ್ತದೆ ಅಂತಲೂ ಬರೀ ಮತ್ತೆ.

ಜೆಟ್ ಹಿತ್ತಾಳೆ, ವಾಯರ್ ಉಕ್ಕು. ಸ್ಲೋ ಜೆಟ್ ತೂತು ಕಾಲು ಮಿಮೀ ಆಸುಪಾಸು ಇರುತ್ತದೆ. ಉಕ್ಕಿನ ಎಳೆ ಹಾಕಿ ಉಜ್ಜಿದರೆ ತೂತು ಅಗಲ ಆಗುತ್ತದೆ, ಒಳಗೆ ಗೀರು ಬೀಳುತ್ತದೆ. ಆಮೇಲೆ ಅದರ ಮೇಲಿನ ನಂಬರಿಗೆ ಅರ್ಥ ಇಲ್ಲ. ಕಾರ್ಬ್ ಕ್ಲೀನರ್ ಹೊಡಿ, ನೆನೆಯಲು ಬಿಡು, ಗಾಳಿ ಹೊಡಿ. ಗಟ್ಟಿ ಕೂತಿದ್ದರೆ ಹಲ್ಲುಜ್ಜುವ ಬ್ರಷ್ಷಿನ ಒಂದು ನೈಲಾನ್ ಎಳೆ ಸಾಕು. ಆಮೇಲೆ ಬೆಳಕಿಗೆ ಹಿಡಿದು ನೋಡು. ತೂತು ದುಂಡಗೆ, ಅಂಚು ಸಾಫ್ ಕಾಣಬೇಕು.

ಬರೀ ಜೆಟ್ ಅಲ್ಲ. ಸ್ಲೋ ಜೆಟ್‌ನಿಂದ ಗಾಳಿದಾರಿಗೆ ಹೋಗುವ ಸಣ್ಣ ದಾರಿ ಕಾರ್ಬೋರೇಟರಿನ ಮೈಯಲ್ಲೇ ಇರುತ್ತದೆ. ಏರ್ ಸ್ಕ್ರೂ ತೆಗೆದು ಅಲ್ಲಿಂದಲೂ ಗಾಳಿ ಹೊಡಿಯಬೇಕು. ಬಹಳ ಜನ ಜೆಟ್ ತೊಳೆದು ದಾರಿ ಬಿಡುತ್ತಾರೆ.

ಹಳೇ ಚಾಳಿ, ಕೇಶ್ವಾಪುರ

ಏವರೇಜ್ ಕೇಳಬೇಡಿ ಕಾಕಾ. ಆರ್‌ಎಕ್ಸ್ ಇಟ್ಟವರು ಏವರೇಜ್ ನೋಡಬಾರದು.

ಯೆಜ್ಡಿ ಗದಗ

ನಮ್ಮ ಕಡೆಯ ಅನುಭವ ಒಂದು ಸೇರಿಸುತ್ತೇನೆ. ಮುಂಡರಗಿ ಕಡೆ ಬೇಸಿಗೆಯಲ್ಲಿ ಎರೆ ಮಣ್ಣಿನ ಧೂಳು ಹೇಗಿರುತ್ತದೆ ಅಂತ ಗೊತ್ತಲ್ವಾ? ಬೌಲ್ ಬಿಚ್ಚಿದರೆ ಅಡಿಯಲ್ಲಿ ಕಪ್ಪು ಕೆಸರು. ಟ್ಯಾಂಕಿನ ಒಳಗಿನ ತುಕ್ಕೂ ಸೇರುತ್ತದೆ. ಹಳೇ ಗಾಡಿಗೆ ಟ್ಯಾಂಕಿನ ಪೆಟ್ರೋಲ್ ಕಾಕ್‌ನ ಜಾಲರಿ ತೊಳೆಯದೆ ಕಾರ್ಬೋರೇಟರ್ ಮಾತ್ರ ತೊಳೆದರೆ ಪ್ರಯೋಜನ ಇಲ್ಲ, ವಾರದಲ್ಲಿ ಅದೇ ಕಥೆ.

ಫ್ಲೋಟ್ ಕೂಡ ನೋಡಿ. ಮನೆಯ ನೀರಿನ ಟ್ಯಾಂಕಿನ ಬಾಲ್ ವಾಲ್ವ್ ಮಾಡುವ ಕೆಲಸವೇ ಅದರದು. ಬೌಲ್‌ನಲ್ಲಿ ಪೆಟ್ರೋಲ್ ಮಟ್ಟ ಕೆಳಗಿದ್ದರೆ ಎಲ್ಲ ಜೆಟ್‌ಗಳಿಗೂ ಪೆಟ್ರೋಲ್ ಕಡಿಮೆ, ಮೇಲಿದ್ದರೆ ಎಲ್ಲಕ್ಕೂ ಜಾಸ್ತಿ. ಜೆಟ್ ಲೆಕ್ಕ ಶುರು ಮಾಡುವ ಮೊದಲು ಈ ಮಟ್ಟ ಸರಿ ಇರಲೇಬೇಕು. ಹಳೇ ಹಿತ್ತಾಳೆ ಫ್ಲೋಟ್‌ನಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದರೆ ಒಳಗೆ ಪೆಟ್ರೋಲ್ ತುಂಬಿ ಫ್ಲೋಟ್ ಮುಳುಗುತ್ತದೆ, ಓವರ್‌ಫ್ಲೋ ಶುರು. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ. ಒಳಗೆ ಸದ್ದು ಬಂದರೆ ಮುಗಿಯಿತು. ಸದ್ದು ಬರದಿದ್ದರೂ ಅನುಮಾನ ಇದ್ದರೆ ಬಿಸಿ ನೀರಿನಲ್ಲಿ ಮುಳುಗಿಸಿ, ಗುಳ್ಳೆ ಎಲ್ಲಿಂದ ಬರುತ್ತದೆ ಅಂತ ಕಾಣುತ್ತದೆ. ಬೆಸುಗೆ ಹಾಕುವ ಮೊದಲು ಒಳಗಿನ ಪೆಟ್ರೋಲ್ ಪೂರ್ತಿ ತೆಗೆಯಿರಿ, ಇಲ್ಲದಿದ್ದರೆ ಕೈ ಸುಡುತ್ತದೆ.

ಇನ್ನೊಂದು ವಿಷಯ ಆರ್‌ಎಕ್ಸ್‌ನವರಿಗೆ. ಟೂ ಸ್ಟ್ರೋಕ್ ಇಂಜಿನ್‌ಗೆ ಆಯಿಲ್ ಬಿಡುವ ಪಂಪ್ ತೆಗೆದು, ನಮ್ಮ ಯೆಜ್ಡಿ ಹಾಗೆ ಟ್ಯಾಂಕಿಗೇ ಆಯಿಲ್ ಹಾಕುವವರು ಬಹಳ ಇದ್ದಾರೆ. ಆಗ ಜೆಟ್ ಮೂಲಕ ಪೆಟ್ರೋಲ್ ಒಂದೇ ಹೋಗುವುದಿಲ್ಲ, ಆಯಿಲೂ ಹೋಗುತ್ತದೆ. ಆಯಿಲ್ ಹೋದಷ್ಟು ಪೆಟ್ರೋಲ್ ಕಡಿಮೆ. "ಇಂಜಿನ್‌ಗೆ ಒಳ್ಳೆಯದು" ಅಂತ ಲೀಟರಿಗೆ ಕೈಗೆ ಬಂದಷ್ಟು ಆಯಿಲ್ ಸುರಿದರೆ ಹೊಗೆ ಜಾಸ್ತಿ ಆಗುತ್ತದೆ, ಆದರೆ ಪೆಟ್ರೋಲ್ ಲೆಕ್ಕದಲ್ಲಿ ಗಾಡಿ ಬಡವಾಗುತ್ತದೆ. ಹೊಗೆ ನೋಡಿ ಪೆಟ್ರೋಲ್ ಜಾಸ್ತಿ ಅಂದುಕೊಂಡು ಜೆಟ್ ಸಣ್ಣದು ಮಾಡುತ್ತಾರೆ! ನೇರ ಸೀಜ್‌ಗೆ ದಾರಿ.

ಆರ್‌ಎಕ್ಸ್ ಉಣಕಲ್, ಹುಬ್ಬಳ್ಳಿ

ನನ್ನದರಲ್ಲಿ ಪಂಪ್ ಇದೆ ಅಣ್ಣಾ, ಕೆಲಸ ಮಾಡುತ್ತಿದೆ. ಟೇಪ್ ಹಾಕಿ ನೋಡಿದೆ. ತೊಂದರೆ ಮುಚ್ಚಿದಲ್ಲಿಂದ ಕಾಲು ಗುರುತು ದಾಟಿ ಸ್ವಲ್ಪ ಮುಂದಿನವರೆಗೆ. ಅರ್ಧದ ಮೇಲೆ ಏನೂ ಇಲ್ಲ. ಆದರೆ ಆ ಪೆಟ್ರೋಲ್ ವಿಷಯ ಯಾರೂ ಹೇಳಲಿಲ್ಲ. ಇ20 (ಎಥನಾಲ್ ಬೆರೆಸಿದ ಪೆಟ್ರೋಲ್) ಕಾರಣ ಇರಬಹುದಾ?

ಮಾಸ್ತರ, ಧಾರವಾಡ

ಇ20ರ ಪರಿಣಾಮ ಇದೆ. ಆದರೆ ಎಷ್ಟು ಅಂತ ಲೆಕ್ಕ ಹಾಕಿದರೆ ಭಯ ಕಡಿಮೆ ಆಗುತ್ತದೆ.

ಶುದ್ಧ ಪೆಟ್ರೋಲ್ ಒಂದು ಕಿಲೋ ಪೂರ್ತಿ ಉರಿಯಲು 14.7 ಕಿಲೋ ಗಾಳಿ ಬೇಕು. ಎಥನಾಲ್ ಒಂದು ಕಿಲೋಗೆ 9 ಕಿಲೋ ಸಾಕು, ಯಾಕೆಂದರೆ ಅದರ ಒಳಗೇ ಆಮ್ಲಜನಕ ಇದೆ. ನೂರಕ್ಕೆ 20 ಎಥನಾಲ್ ಸೇರಿಸಿದರೆ ಬೇಕಾದ ಗಾಳಿ ಸುಮಾರು 13.5ಕ್ಕೆ ಇಳಿಯುತ್ತದೆ. ಗಾಡಿಯ ಜೆಟ್ ಮಾತ್ರ ಹಳೇ ಲೆಕ್ಕದಲ್ಲೇ ಪೆಟ್ರೋಲ್ ಬಿಡುತ್ತದೆ. ಹಾಗಾಗಿ ಗಾಳಿ ಹೆಚ್ಚಾಗಿ ಉಳಿದು ಮಿಶ್ರಣ ನೂರಕ್ಕೆ 7–8ರಷ್ಟು ತೆಳುವಾಗುತ್ತದೆ, ಅಂದರೆ ಗಾಳಿಯ ಲೆಕ್ಕಕ್ಕೆ ಪೆಟ್ರೋಲ್ ಕಡಿಮೆ. ಇದು ಶುದ್ಧ ಪೆಟ್ರೋಲಿಗೆ ಹೋಲಿಸಿದ ಮಾತು. ಇ20ಕ್ಕೆ ಮೊದಲು ನಾವು ಹಾಕಿಸುತ್ತಿದ್ದದ್ದು ಇ10. ಅದಕ್ಕೆ ಹೋಲಿಸಿದರೆ ವ್ಯತ್ಯಾಸ ಅರ್ಧದಷ್ಟೇ.

ಜೆಟ್ ಲೆಕ್ಕದಲ್ಲಿ ಇದು ಎಷ್ಟು? ಪೆಟ್ರೋಲ್ ಹರಿಯುವುದು ತೂತಿನ ವಿಸ್ತೀರ್ಣಕ್ಕೆ ತಕ್ಕಂತೆ, ವ್ಯಾಸಕ್ಕೆ ತಕ್ಕಂತೆ ಅಲ್ಲ. ವ್ಯಾಸ 1.00 ಮಿಮೀ ಇದ್ದದ್ದು 1.05 ಆದರೆ ವಿಸ್ತೀರ್ಣ ನೂರಕ್ಕೆ 10 ಹೆಚ್ಚುತ್ತದೆ. ನೂರಕ್ಕೆ 7 ಬೇಕಿದ್ದರೆ ವ್ಯಾಸ ಮೂರೂವರೆ ಹೆಚ್ಚಿದರೆ ಸಾಕು. ಅದಕ್ಕೇ "ಎರಡು ನಂಬರ್, ಮೂರು ನಂಬರ್ ಜಿಗಿಯಿರಿ" ಅನ್ನುವವರ ಮಾತು ಕೇಳಬೇಡಿ. ಇನ್ನೊಂದು ಎಚ್ಚರ: ನಂಬರ್ ಬರೆಯುವ ಪದ್ಧತಿ ಎಲ್ಲ ಕಡೆ ಒಂದೇ ಅಲ್ಲ. ಕೈಹಿನ್ ಕಂಪನಿಯ ಜೆಟ್‌ನಲ್ಲಿ ನಂಬರ್ ತೂತಿನ ವ್ಯಾಸ ಹೇಳುತ್ತದೆ. ಮಿಕುನಿಯ ಆರು ಮೂಲೆ ಮೇನ್ ಜೆಟ್‌ನಲ್ಲಿ ಅದು ಪೆಟ್ರೋಲ್ ಹರಿಯುವ ಪ್ರಮಾಣ. ಒಂದರ 100 ಇನ್ನೊಂದರ 100 ಅಲ್ಲ.

ಈಗ ನಿಮ್ಮ ಪ್ರಶ್ನೆ. ಪೆಟ್ರೋಲ್ ಕಾರಣ ಆಗಿದ್ದರೆ ಮುಚ್ಚಿದಲ್ಲಿಂದ ಪೂರ್ತಿ ತೆರೆಯುವವರೆಗೆ ಎಲ್ಲ ಕಡೆಯೂ ತೆಳು ಆಗಬೇಕಿತ್ತು. ನಿಮ್ಮದು ಕೆಳಗೆ ಮಾತ್ರ. ಹಾಗಾಗಿ ಇ20 ಮುಖ್ಯ ಕಾರಣ ಅಲ್ಲ.

ಇ20 ಇನ್ನೊಂದು ಕಡೆಯಿಂದ ಮಾತ್ರ ಹಳೇ ಗಾಡಿಗೆ ನಿಜವಾಗಿ ತೊಂದರೆ ಕೊಡುತ್ತದೆ. ಎಥನಾಲ್ ತೇವ ಹೀರುತ್ತದೆ, ಹಳೇ ರಬ್ಬರ್ ಉಬ್ಬಿಸುತ್ತದೆ, ಒಡೆಯಿಸುತ್ತದೆ. ಓ ರಿಂಗ್, ಪೈಪ್, ಫ್ಲೋಟ್ ನೀಡಲ್‌ನ ರಬ್ಬರ್ ತುದಿ, ಇವನ್ನು ನೋಡಿ. ತಿಂಗಳುಗಟ್ಟಲೆ ಗಾಡಿ ನಿಲ್ಲಿಸುವುದಿದ್ದರೆ ಬೌಲ್ ಖಾಲಿ ಮಾಡಿ.

ಗ್ಯಾರೇಜ್ ಕಾಕಾ, ಹಳೇ ಹುಬ್ಬಳ್ಳಿ

ತಮ್ಮಾ, ಥ್ರಾಟಲ್ ಬಿಟ್ಟ ಮೇಲೆ ಇಂಜಿನ್ ಮೇಲೆಯೇ ನಿಲ್ಲುತ್ತದೆ ಅಂದಿಯಲ್ಲ, ಅದೇ ಗುಟ್ಟು ಹೇಳುತ್ತಿದೆ. ಎಲ್ಲೋ ಹೊರಗಿನ ಗಾಳಿ ಎಳೆಯುತ್ತಿದೆ. ಸ್ಲೈಡ್ ಮುಚ್ಚಿದರೂ ಕಾರ್ಬೋರೇಟರ್ ಮತ್ತು ಸಿಲಿಂಡರ್ ನಡುವೆ ಕಳ್ಳ ಗಾಳಿ ಹೋಗುತ್ತಿದ್ದರೆ ಹೀಗೇ ಆಗುತ್ತದೆ. ಪೂರ್ತಿ ತೆರೆದಾಗ ಅಷ್ಟು ಗಾಳಿಯಲ್ಲಿ ಈ ಸಣ್ಣ ಸೋರಿಕೆ ಲೆಕ್ಕಕ್ಕೆ ಬರುವುದಿಲ್ಲ. ಅದಕ್ಕೇ ಮೇಲೆ ಗಾಡಿ ಸರಿ ಇದೆ.

ಕಾರ್ಬೋರೇಟರ್ ಹಿಡಿದಿರುವ ರಬ್ಬರ್ ಮ್ಯಾನಿಫೋಲ್ಡ್ ನೋಡು. ಮೇಲಿಂದ ಚೆನ್ನಾಗಿ ಕಾಣುತ್ತದೆ, ಬಿರುಕು ಇರೋದು ಯಾವಾಗಲೂ ಅಡಿಯಲ್ಲಿ. ಬಿಚ್ಚಿ, ಕೈಯಲ್ಲಿ ಬಗ್ಗಿಸಿ ನೋಡು. ಬಿಚ್ಚದೆ ನೋಡಬೇಕಿದ್ದರೆ, ಗಾಡಿ ಐಡಲ್‌ನಲ್ಲಿ ಇಟ್ಟು ಸ್ಪ್ರೇ ಬಾಟಲಿಯಿಂದ ಸುತ್ತ ನೀರು ಸಿಂಪಡಿಸು. ಸದ್ದು ಬದಲಾದರೆ ಅಲ್ಲೇ ಸೋರುತ್ತಿದೆ. ಕೆಲವರು ಪೆಟ್ರೋಲ್ ಹೊಡೆದು ನೋಡುತ್ತಾರೆ. ಬಿಸಿ ಸೈಲೆನ್ಸರ್ ಪಕ್ಕ ಆ ಹುಚ್ಚು ಕೆಲಸ ಬೇಡ.

ಅಲ್ಲಿ ಸರಿ ಇದ್ದರೆ ರೀಡ್ ವಾಲ್ವ್ (ಗಾಳಿಯನ್ನು ಒಳಗೆ ಮಾತ್ರ ಬಿಡುವ ತೆಳು ಪಟ್ಟಿ) ಹತ್ತಿರದ ಪ್ಯಾಕಿಂಗ್. ಅದೂ ಸರಿ ಇದ್ದರೆ ಮ್ಯಾಗ್ನೆಟ್ ಬದಿಯ ಕ್ರ್ಯಾಂಕ್ ಆಯಿಲ್ ಸೀಲ್. ಟೂ ಸ್ಟ್ರೋಕ್‌ನಲ್ಲಿ ಕ್ರ್ಯಾಂಕ್ ಕೇಸೇ ಗಾಳಿ ಎಳೆಯುತ್ತದೆ, ಸೀಲ್ ಹೋದರೆ ಅಲ್ಲಿಂದಲೂ ಗಾಳಿ ಬರುತ್ತದೆ. ಕ್ಲಚ್ ಬದಿ ಸೀಲ್ ಹೋದರೆ ಬೇರೆ ಆಟ: ಗೇರ್ ಆಯಿಲ್ ಎಳೆದು ಬಿಳಿ ಹೊಗೆ ಬಿಡುತ್ತದೆ, ಆಯಿಲ್ ಮಟ್ಟ ಇಳಿಯುತ್ತಾ ಹೋಗುತ್ತದೆ.

ಸ್ಪ್ಲೆಂಡರ್, ಬೆಟಗೇರಿ

ನಡುವೆ ಬಂದೆ, ಬೇಜಾರಾಗಬೇಡಿ. ನಮ್ಮ ಅಪ್ಪಾಜಿಯ ಹಳೇ ಸ್ಪ್ಲೆಂಡರ್ ಬಹಳ ದಿನ ನಿಂತಿತ್ತು. ಈಗ ನಾನು ಓಡಿಸಬೇಕು ಅಂತ ತೆಗೆದಿದ್ದೇನೆ. ಚೋಕ್ ಹಾಕಿದರೆ ಸ್ಟಾರ್ಟ್ ಆಗುತ್ತದೆ, ಚೋಕ್ ತೆಗೆದ ತಕ್ಷಣ ಆಫ್. ಕಾರ್ಬೋರೇಟರ್ ಪಕ್ಕ ಎರಡು ಸ್ಕ್ರೂ ಇವೆ. ಯಾವುದನ್ನು ಯಾವ ಕಡೆ ತಿರುವಬೇಕು? ಒಬ್ಬರು ಬಿಚ್ಚಿದರೆ ಪೆಟ್ರೋಲ್ ಜಾಸ್ತಿ ಅನ್ನುತ್ತಾರೆ, ಇನ್ನೊಬ್ಬರು ಕಡಿಮೆ ಅನ್ನುತ್ತಾರೆ.

ಗ್ಯಾರೇಜ್ ಕಾಕಾ, ಹಳೇ ಹುಬ್ಬಳ್ಳಿ

ಇಬ್ಬರೂ ಸರಿ ಇದ್ದಾರೆ ತಂಗಿ, ಗಾಡಿ ಬೇರೆ ಬೇರೆ. ಸ್ಲೈಡ್ ನಡುವೆ ಇದೆ ಅಂತ ಹಿಡಿ. ಮಿಶ್ರಣದ ಸ್ಕ್ರೂ ಏರ್ ಫಿಲ್ಟರ್ ಕಡೆ ಇದ್ದರೆ ಅದು ಗಾಳಿ ಬಿಡುವ ಸ್ಕ್ರೂ. ಬಿಚ್ಚಿದರೆ ಗಾಳಿ ಜಾಸ್ತಿ, ಪೆಟ್ರೋಲ್ ಪಾಲು ಕಮ್ಮಿ. ಇಂಜಿನ್ ಕಡೆ ಇದ್ದರೆ ಅದು ಪೆಟ್ರೋಲ್ ಬಿಡುವ ಸ್ಕ್ರೂ. ಬಿಚ್ಚಿದರೆ ಪೆಟ್ರೋಲ್ ಜಾಸ್ತಿ. ಇನ್ನೊಂದು ದೊಡ್ಡ ಸ್ಕ್ರೂ ಸ್ಲೈಡನ್ನು ಎತ್ತಿ ಹಿಡಿಯುತ್ತದೆ. ಅದು ಐಡಲ್ ಏರಿಸಿ ಇಳಿಸುವುದಕ್ಕೆ ಮಾತ್ರ.

ಆದರೆ ನಿನ್ನ ಗಾಡಿಗೆ ಸ್ಕ್ರೂ ತಿರುವಿದರೆ ಆಗುವುದಿಲ್ಲ. ನಿಂತ ಗಾಡಿಯ ಪೆಟ್ರೋಲ್ ಆರಿ ಸ್ಲೋ ಜೆಟ್‌ನಲ್ಲಿ ಅಂಟಾಗಿ ಕೂತಿದೆ. ಮೊದಲು ಬೌಲ್ ಕೆಳಗಿನ ಡ್ರೈನ್ ಸ್ಕ್ರೂ ಬಿಚ್ಚಿ ಹಳೇ ಪೆಟ್ರೋಲ್ ಬಿಡು, ಟ್ಯಾಂಕಿನದೂ ಬದಲಿಸು. ಆಮೇಲೆ ಜೆಟ್ ಬಿಚ್ಚಿ ತೊಳಿ. ಬಿಚ್ಚುವಾಗ ಬಾಯಿಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರ್ ಬೇಕು, ಹಿತ್ತಾಳೆ ತಲೆ ಬೇಗ ಕಿತ್ತು ಹೋಗುತ್ತದೆ.

ಜೋಡಿಸಿದ ಮೇಲೆ ಮಿಶ್ರಣದ ಸ್ಕ್ರೂ ಮೆಲ್ಲಗೆ ಪೂರ್ತಿ ಒಳಗೆ ಹಾಕು. ಬಿಗಿಯಬೇಡ, ಮೊನೆ ಹಾಳಾಗುತ್ತದೆ. ಅಲ್ಲಿಂದ ಒಂದೂವರೆ ಸುತ್ತು ಹೊರಗೆ ತೆಗಿ. ಗಾಡಿ ಚೆನ್ನಾಗಿ ಬಿಸಿ ಆಗಲಿ. ಐಡಲ್ ಸ್ವಲ್ಪ ಏರಿಸು. ಈಗ ಮಿಶ್ರಣದ ಸ್ಕ್ರೂ ಕಾಲು ಕಾಲು ಸುತ್ತು ಆ ಕಡೆ ಈ ಕಡೆ ತಿರುವು. ಎಲ್ಲಿ ಇಂಜಿನ್ ಅತಿ ಹೆಚ್ಚು ಓಡುತ್ತದೋ, ಸದ್ದು ಸಮ ಇರುತ್ತದೋ ಅಲ್ಲಿ ನಿಲ್ಲಿಸು. ಪ್ರತಿ ಸಲ ತಿರುವಿದ ಮೇಲೆ ಸ್ವಲ್ಪ ಕಾಯಿ. ಆಮೇಲೆ ದೊಡ್ಡ ಸ್ಕ್ರೂನಿಂದ ಐಡಲ್ ಇಳಿಸು.

ಮಾಸ್ತರ, ಧಾರವಾಡ

ಒಂದು ಮಾತು ಸೇರಿಸಲಾ ಕಾಕಾ? ಆ ಸ್ಕ್ರೂ ಎಲ್ಲಿ ನಿಲ್ಲುತ್ತದೆ ಅನ್ನುವುದೇ ಸ್ಲೋ ಜೆಟ್ ಸರಿ ಇದೆಯಾ ಅಂತ ಹೇಳುತ್ತದೆ. ಗಾಳಿ ಸ್ಕ್ರೂ ಅರ್ಧ ಸುತ್ತಿಗಿಂತ ಒಳಗೆ ಇದ್ದಾಗಲೇ ಗಾಡಿ ಚೆನ್ನಾಗಿ ಓಡಿದರೆ ಸ್ಲೋ ಜೆಟ್ ಸಣ್ಣದು ಅಥವಾ ಕಟ್ಟಿದೆ. ಮೂರು ಸುತ್ತು ಬಿಚ್ಚಬೇಕಾದರೆ ಜೆಟ್ ದೊಡ್ಡದಾಯಿತು. ಪೆಟ್ರೋಲ್ ಸ್ಕ್ರೂ ಆದರೆ ಇದು ಪೂರ್ತಿ ಉಲ್ಟಾ.

ಸ್ಪ್ಲೆಂಡರ್, ಬೆಟಗೇರಿ

ಈಗ ತಲೆಗೆ ಹೋಯಿತು. ರವಿವಾರ ಬಿಚ್ಚುತ್ತೇನೆ. ಪೇಟೆಯಲ್ಲಿ ಪೂರ್ತಿ ರಿಪೇರಿ ಕಿಟ್ ಸಿಗುತ್ತದಲ್ಲ, ಅದನ್ನೇ ತಂದು ಎಲ್ಲ ಜೆಟ್ ಹೊಸದು ಹಾಕಿಬಿಡಲಾ?

ಯೆಜ್ಡಿ ಗದಗ

ಅಕ್ಕಾ, ಕಿಟ್‌ನಲ್ಲಿ ಪ್ಯಾಕಿಂಗ್, ಓ ರಿಂಗ್ ಬಳಸಿ. ಜೆಟ್ ಮಾತ್ರ ಕಂಪನಿಯದು ಚೆನ್ನಾಗಿದ್ದರೆ ತೊಳೆದು ಅದನ್ನೇ ಹಾಕಿ. ಅಗ್ಗದ ಕಿಟ್‌ನ ಜೆಟ್ ಮೇಲೆ ಬರೆದ ನಂಬರಿಗೂ ತೂತಿಗೂ ಸಂಬಂಧ ಇರುವುದಿಲ್ಲ. ಎರಡನ್ನೂ ಪಕ್ಕ ಪಕ್ಕ ಬೆಳಕಿಗೆ ಹಿಡಿದರೆ ಗೊತ್ತಾಗುತ್ತದೆ. ಹಳೇ ಜೆಟ್ ಎಸೆಯಲೇಬೇಡಿ.

ಆರ್‌ಎಕ್ಸ್ ಉಣಕಲ್, ಹುಬ್ಬಳ್ಳಿ

ಕಾಕಾ, ಸಿಕ್ಕಿತು! ನೀರು ಸಿಂಪಡಿಸಿದಾಗ ಇಂಜಿನ್ ಸದ್ದು ತಕ್ಷಣ ಬದಲಾಯಿತು. ಬಿಚ್ಚಿ ಬಗ್ಗಿಸಿದರೆ ರಬ್ಬರ್ ಅಡಿಯಲ್ಲಿ ಉದ್ದಕ್ಕೆ ಬಿರುಕು. ಹೊಸದು ಹಾಕಿದೆ. ಹಾಕಿದ ಕೂಡಲೇ ಗಾಡಿ ಐಡಲ್‌ನಲ್ಲಿ ನಿಲ್ಲಲೇ ಇಲ್ಲ. ಯಾಕೆಂದರೆ ಕಳ್ಳ ಗಾಳಿಗೆ ತಕ್ಕಂತೆ ಸ್ಕ್ರೂಗಳನ್ನು ಯಾರೋ ಕೂರಿಸಿದ್ದರು. ನೀವು ಆ ಅಕ್ಕನಿಗೆ ಹೇಳಿದ ಕ್ರಮದಲ್ಲೇ ಮೊದಲಿನಿಂದ ಮಾಡಿದೆ. ಏರ್ ಸ್ಕ್ರೂ ಒಂದೂಕಾಲು ಸುತ್ತಿಗೆ ನಿಂತಿತು. ಥ್ರಾಟಲ್ ಬಿಟ್ಟರೆ ಈಗ ತಕ್ಷಣ ಇಳಿಯುತ್ತದೆ.

ಆದರೆ ಕಾಲು ಗುರುತು ದಾಟಿದ ಮೇಲೆ ಒಂದು ಚೂರು ಒಣಗಿದ ಹಾಗೆ ಅನಿಸುತ್ತದೆ. ಮೊದಲಿನಷ್ಟಿಲ್ಲ.

ಗ್ಯಾರೇಜ್ ಕಾಕಾ, ಹಳೇ ಹುಬ್ಬಳ್ಳಿ

ಈಗ ನೀಡಲ್ ಮುಟ್ಟಬಹುದು. ತಲೆಯಲ್ಲಿ ಐದು ಕಚ್ಚು ಇರುತ್ತವೆ, ಒಂದರಲ್ಲಿ ಕ್ಲಿಪ್ ಕೂತಿರುತ್ತದೆ. ಕ್ಲಿಪ್ ಒಂದು ಕಚ್ಚು ಕೆಳಗೆ ಇಳಿಸು. ಕ್ಲಿಪ್ ಕೆಳಗೆ ಹೋದರೆ ನೀಡಲ್ ಮೇಲೆ ಬರುತ್ತದೆ, ಪೆಟ್ರೋಲ್ ಜಾಸ್ತಿ. ಒಂದೇ ಕಚ್ಚು. ಮತ್ತೇನೂ ಮುಟ್ಟಬೇಡ, ಓಡಿಸಿ ನೋಡು. ಒಂದು ಸಲಕ್ಕೆ ಒಂದೇ ಬದಲಾವಣೆ, ಇಲ್ಲದಿದ್ದರೆ ಯಾವುದರಿಂದ ಏನಾಯಿತು ಅಂತ ಹರಿಹರ ಬ್ರಹ್ಮರಿಗೂ ತಿಳಿಯುವುದಿಲ್ಲ.

ಬುಲೆಟ್, ರಾಣೆಬೆನ್ನೂರು

ಪ್ಲಗ್ ಬಣ್ಣ ನೋಡುವ ಸರಿಯಾದ ಪದ್ಧತಿ ಯಾವುದು? ನನ್ನದು ಹಳೇ ಎರಕದ ಇಂಜಿನ್ ಬುಲೆಟ್ 350, ಮಿಕ್‌ಕಾರ್ಬ್ ವಿಎಂ24. ಮನೆಗೆ ಬಂದು ಪ್ಲಗ್ ಬಿಚ್ಚಿದರೆ ಯಾವಾಗಲೂ ಕಪ್ಪು.

ಮಾಸ್ತರ, ಧಾರವಾಡ

ಮನೆ ಗಲ್ಲಿಯಲ್ಲಿ ಐಡಲ್‌ನಲ್ಲಿ ಬಂದು ಬಿಚ್ಚಿದರೆ ಐಡಲ್‌ನ ಬಣ್ಣವೇ ಕಾಣುವುದು. ಯಾವ ಜೆಟ್ ನೋಡಬೇಕೋ ಆ ಥ್ರಾಟಲ್‌ನಲ್ಲಿ ಸ್ವಲ್ಪ ದೂರ ಓಡಿಸಿ, ಅಲ್ಲೇ ಕ್ಲಚ್ ಹಿಡಿದು ಇಂಜಿನ್ ಆಫ್ ಮಾಡಿ, ಬದಿಗೆ ನಿಲ್ಲಿಸಿ ಬಿಚ್ಚಬೇಕು. ಹೊಸ ಪ್ಲಗ್ ಆದರೆ ಚೆನ್ನ. ಮೇನ್ ಜೆಟ್ ನೋಡಲು ಪೂರ್ತಿ ಥ್ರಾಟಲ್ ಬೇಕು. ದಯವಿಟ್ಟು ಊರೊಳಗೆ ಬೇಡ, ಬೈಪಾಸ್‌ನಲ್ಲಿ ಲಾರಿಗಳ ನಡುವೆಯೂ ಬೇಡ. ಖಾಲಿ ಏರು ರಸ್ತೆ ಹುಡುಕಿ. ಏರಿನಲ್ಲಿ ಸ್ಪೀಡ್ ಕಡಿಮೆ ಇದ್ದರೂ ಇಂಜಿನ್ ಮೇಲೆ ಭಾರ ಬೀಳುತ್ತದೆ.

ಇನ್ನೊಂದು ವಿಷಯ. ಸೀಸ ಇದ್ದ ಪೆಟ್ರೋಲ್ ನಮ್ಮಲ್ಲಿ 2000ದಲ್ಲಿ ನಿಂತಿತು. ಆಗಿನ ಕಾಲದ ಕಂದು ಬಣ್ಣ ಈಗಿನ ಪೆಟ್ರೋಲ್‌ನಲ್ಲಿ ಅಷ್ಟು ಬೇಗ ಬರುವುದಿಲ್ಲ. ತುದಿ ನೋಡಬೇಡಿ, ಬಿಳಿ ಪಿಂಗಾಣಿ ಒಳಗೆ ಇಳಿದು ಮುಗಿಯುವಲ್ಲಿ ಟಾರ್ಚ್ ಹಾಕಿ ನೋಡಿ.

ಬುಲೆಟ್, ರಾಣೆಬೆನ್ನೂರು

ಒಳ್ಳೆಯದಾಯಿತು ಸರ್. ಇನ್ನೊಂದು ಕೇಳುತ್ತೇನೆ. ಗೋಕರ್ಣಕ್ಕೆ ಹೋಗುವುದಿದೆ, ಆಮೇಲೆ ಊಟಿ. ಸಮುದ್ರ ಮಟ್ಟಕ್ಕೆ ಒಂದು ಜೆಟ್, ಘಟ್ಟಕ್ಕೆ ಒಂದು ಜೆಟ್ ಅಂತ ಹೇಳುತ್ತಾರೆ. ಎರಡು ಸೆಟ್ ಒಯ್ಯಬೇಕಾ?

ಮಾಸ್ತರ, ಧಾರವಾಡ

ಗೋಕರ್ಣಕ್ಕೆ ಏನೂ ಬೇಡ. ನಮ್ಮ ಹುಬ್ಬಳ್ಳಿ ಸಮುದ್ರ ಮಟ್ಟದಿಂದ ಸುಮಾರು 650 ಮೀಟರ್ ಮೇಲಿದೆ. ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದರೆ ಗಾಳಿ ನೂರಕ್ಕೆ ಆರೇಳರಷ್ಟು ದಟ್ಟವಾಗುತ್ತದೆ. ಮಿಶ್ರಣ ಅಷ್ಟು ಬದಲಾಗುವುದಿಲ್ಲ, ಅದರ ಅರ್ಧದಷ್ಟು ಮಾತ್ರ ತೆಳುವಾಗುತ್ತದೆ. ಯಾಕೆಂದರೆ ಗಾಳಿ ದಟ್ಟವಾದಾಗ ಪೆಟ್ರೋಲ್ ಎಳೆಯುವ ಬಲವೂ ಸ್ವಲ್ಪ ಹೆಚ್ಚುತ್ತದೆ. ಡಿಸೆಂಬರ್ ಬೆಳಗಿನ 15 ಡಿಗ್ರಿಗೂ ಏಪ್ರಿಲ್ ಮಧ್ಯಾಹ್ನದ 38 ಡಿಗ್ರಿಗೂ ಗಾಳಿಯ ದಟ್ಟತೆಯಲ್ಲಿ ಇಷ್ಟೇ ವ್ಯತ್ಯಾಸ ಇದೆ. ಅದಕ್ಕೆ ಯಾರಾದರೂ ಜೆಟ್ ಬದಲಿಸುತ್ತಾರಾ?

ಊಟಿ 2200 ಮೀಟರ್ ಮೇಲೆ. ಅಲ್ಲಿ ಮಿಶ್ರಣ ನೂರಕ್ಕೆ ಎಂಟರಷ್ಟು ಪೆಟ್ರೋಲ್ ಜಾಸ್ತಿ ಆಗುತ್ತದೆ. ಗಾಡಿ ಸ್ವಲ್ಪ ಮಂಕಾಗುತ್ತದೆ. ಎರಡು ದಿನಕ್ಕೆ ಹೋಗಿ ಬರುವವರು ನೀಡಲ್ ಕ್ಲಿಪ್ ಒಂದು ಕಚ್ಚು ಮೇಲೆ ಹಾಕಿದರೆ ಸಾಕು. ವಾಪಸ್ ಇಳಿಯುವ ಮೊದಲು ತಪ್ಪದೆ ಮೊದಲಿನ ಕಚ್ಚಿಗೆ ತನ್ನಿ. ತೆಳು ಗಾಳಿಯಿಂದ ಹೋದ ಶಕ್ತಿ ಮಾತ್ರ ಯಾವ ಜೆಟ್ ಹಾಕಿದರೂ ಬರುವುದಿಲ್ಲ.

ಯೆಜ್ಡಿ ಗದಗ

ಟ್ಯಾಂಕಿಗೆ ಆಯಿಲ್ ಬೆರೆಸುವ ಟೂ ಸ್ಟ್ರೋಕ್‌ನವರು ಅರಬೈಲ್ ಇಳಿಯುವಾಗ ಥ್ರಾಟಲ್ ಮುಚ್ಚಿಯೇ ಗೇರ್‌ನಲ್ಲಿ ಉದ್ದಕ್ಕೆ ಇಳಿಯಬೇಡಿ. ಪೆಟ್ರೋಲ್ ಬರದಿದ್ದರೆ ಆಯಿಲೂ ಬರುವುದಿಲ್ಲ, ಇಂಜಿನ್ ಮಾತ್ರ ಜೋರಾಗಿ ತಿರುಗುತ್ತಿರುತ್ತದೆ. ಆಗಾಗ ಕ್ಲಚ್ ಹಿಡಿದು ಸ್ವಲ್ಪ ರೇಸ್ ಕೊಡಿ.

ಆರ್‌ಎಕ್ಸ್ ಉಣಕಲ್, ಹುಬ್ಬಳ್ಳಿ

ಕ್ಲಿಪ್ ಒಂದು ಕಚ್ಚು ಇಳಿಸಿದೆ. ಒಣಗಿದ ಭಾವ ಹೋಯಿತು. ಮೇನ್ ಜೆಟ್ ಕಂಪನಿಯದೇ ಇದೆ, ಮುಟ್ಟಿಲ್ಲ.

ಪಲ್ಸರ್ ಹಾವೇರಿ

ಇಷ್ಟೆಲ್ಲ ಓದಿ ನನ್ನ ಹಳೇ ಪಲ್ಸರ್ 150ರ ಕಾರ್ಬೋರೇಟರ್ ಮುಚ್ಚಳ ತೆಗೆದರೆ ಒಳಗೆ ದೊಡ್ಡ ರಬ್ಬರ್ ಹಾಳೆ! ಥ್ರಾಟಲ್ ಕೇಬಲ್ ಸ್ಲೈಡಿಗೆ ಕಟ್ಟಿಯೇ ಇಲ್ಲ. ನನ್ನ ತೊಂದರೆ, ಬ್ಯಾಡಗಿ ರಸ್ತೆಯಲ್ಲಿ 50ರ ಮೇಲೆ ಎಷ್ಟು ತಿರುವಿದರೂ ಹೋಗುವುದಿಲ್ಲ. ಇದಕ್ಕೂ ಟೇಪ್ ಲೆಕ್ಕ ನಡೆಯುತ್ತದಾ?

ಗ್ಯಾರೇಜ್ ಕಾಕಾ, ಹಳೇ ಹುಬ್ಬಳ್ಳಿ

ಪೂರ್ತಿ ನಡೆಯುವುದಿಲ್ಲ. ಇದರಲ್ಲಿ ನಿನ್ನ ಕೈ ತೆರೆಯುವುದು ಒಳಗಿನ ತಟ್ಟೆ ಮಾತ್ರ. ಸ್ಲೈಡ್ ಏಳುವುದು ಇಂಜಿನ್ ಎಳೆತದಿಂದ. ಮೇಲಿನ ರಬ್ಬರ್ ಡಯಾಫ್ರಾಮ್ ಆ ಎಳೆತ ಹಿಡಿದು ಸ್ಲೈಡ್ ಎತ್ತುತ್ತದೆ. ರಬ್ಬರ್‌ನಲ್ಲಿ ಸಣ್ಣ ತೂತು ಬಿದ್ದರೆ ಸ್ಲೈಡ್ ಅರ್ಧಕ್ಕೇ ನಿಲ್ಲುತ್ತದೆ, ಗಾಡಿ ನೀನು ಹೇಳಿದ ಹಾಗೇ ಮಾಡುತ್ತದೆ. ಬೆಳಕಿಗೆ ಹಿಡಿದು ಮೆಲ್ಲಗೆ ಎಳೆದು ನೋಡು, ಮಡಿಕೆಗಳ ಒಳಗೆ ನೋಡು. ಕಾರ್ಬ್ ಕ್ಲೀನರ್ ಅದರ ಮೇಲೆ ಹೊಡೆಯಬೇಡ, ಉಬ್ಬಿ ಮತ್ತೆ ಕೂರುವುದಿಲ್ಲ.

ವಾಪಸ್ ಹಾಕುವಾಗ ರಬ್ಬರಿನ ಅಂಚು ಸುತ್ತಲೂ ಕಾಲುವೆಯಲ್ಲಿ ಕೂತಿದೆಯಾ ನೋಡಿ ಆಮೇಲೆ ಮುಚ್ಚಳ ಬಿಗಿ. ಫಿಲ್ಟರ್ ಕಡೆಯಿಂದ ಬೆರಳು ಹಾಕಿ ಸ್ಲೈಡ್ ಎತ್ತಿ ಬಿಡು. ಮೆತ್ತಗೆ, ತಡೆದು ತಡೆದು ಇಳಿಯಬೇಕು. ಟಪ್ ಅಂತ ಬಿದ್ದರೆ ಎಲ್ಲೋ ಗಾಳಿ ಸೋರುತ್ತಿದೆ, ಮತ್ತೆ ಬಿಚ್ಚು.